ಸಾಕ್ಷಿ ಹಾಕಿದವರು, ಬರೆದುಕೊಟ್ಟವರು

ಇಂಗ್ಲಿಷಿನ ಸಂಶೋಧನಾ ಲೇಖನಗಳನ್ನು ತಿದ್ದುವುದು ನನ್ನ ಹೊಟ್ಟೆಪಾಡು. ಬೆಂಗಳೂರು, ಚೆನ್ನೈ, ಪುದುಚೇರಿಗಳಲ್ಲಿ ಈ ಕೆಲಸ ಮಾಡುವವರು ಸಾವಿರಾರು ಮಂದಿ ಇದ್ದಾರೆ. ಅಮೆರಿಕದಲ್ಲೋ ಜರ್ಮನಿಯಲ್ಲೋ ಹೊರಬರುವ ಜರ್ನಲ್ಲುಗಳ ಅಲ್ಪವಿರಾಮಗಳನ್ನು ಎಷ್ಟೋ ಸಲ ಸರಿಮಾಡಿರುವವರು ನಮ್ಮ ಊರಿನವರೇ. ಕಾಪಿ ಎಡಿಟರ್ ಎಂದು ನಮಗೆ ಹೆಸರು. ಅಚ್ಚಾದ ಲೇಖನದಲ್ಲಿ ನಮ್ಮ ಹೆಸರು ಎಲ್ಲೂ ಇರುವುದಿಲ್ಲ. ಈ ಕೆಲಸದಲ್ಲಿ ದಿನಾ ಕಣ್ಣಿಗೆ ಬೀಳುವ ಪುಟ್ಟದೊಂದು ವಾಕ್ಯಭಾಗವಿದೆ: ‘ಆ್ಯಸ್ ಶೋನ್ ಇನ್ ಫಿಗರ್ 2’, ‘ಆ್ಯಸ್ ನೋಟೆಡ್ ಬೈ’ ಇಂಥವರು, ‘ಆ್ಯಸ್ ಡಿಸ್ಕ್ರೈಬ್ಡ್ ಪ್ರೀವಿಯಸ್ಲಿ’. ಎರಡನೆಯ ಚಿತ್ರದಲ್ಲಿ ತೋರಿಸಿರುವಂತೆ, ಇಂಥವರು ಗಮನಿಸಿರುವಂತೆ, ಹಿಂದೆ ವಿವರಿಸಿರುವಂತೆ. ಇಂಗ್ಲಿಷಿನಲ್ಲಿ ಆಧಾರ ಕೊಡುವವರು ಹಿಡಿಯುವ ಸಾಮಾನ್ಯ ದಾರಿಗಳಲ್ಲಿ ಇದೂ ಒಂದು. ನನಗೆ ಇದು ಬಹಳ ಇಷ್ಟ. ಯಾಕೆ ಇಷ್ಟ ಎಂದು ಕೇಳಿಕೊಳ್ಳದೆಯೇ ವರ್ಷಗಳು ಹೋದವು. ಕೇಳಿಕೊಳ್ಳತೊಡಗಿದ ಮೇಲೆ ಸಿಕ್ಕ ಉತ್ತರ ವ್ಯಾಕರಣದ ಪುಸ್ತಕದಲ್ಲಿ ನಿಲ್ಲದೆ ನನ್ನ ಸ್ವಭಾವದ ತನಕ, ನಮ್ಮ ಮನೆಯ ತನಕ ಬಂತು. ಅದನ್ನು ಬರೆದಿಡಬೇಕೆನಿಸಿದೆ.

ಮೊದಲು ಆ ರಚನೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಕರ್ಮಣಿ ಪ್ರಯೋಗದ ವಾಕ್ಯವೊಂದನ್ನು ಒತ್ತಿ ಒತ್ತಿ ಸಣ್ಣದು ಮಾಡಿದ ರೂಪ. ಕರ್ತೃಪದ ಹೋಗಿದೆ, ಸಹಾಯಕ ಕ್ರಿಯಾಪದವೂ ಹೋಗಿದೆ. ಉಳಿದಿರುವುದು ‘ಆ್ಯಸ್’ ಮತ್ತು ಒಂದು ಭೂತಕೃದಂತ. ನಮ್ಮ ಕಡೆಯ ಸಂಶೋಧಕರು ‘ಆ್ಯಸ್ ಇಟ್ ಈಸ್ ಶೋನ್’ ಎಂದು ಬರೆದು ಕಳಿಸುತ್ತಾರೆ. ಶಾಲೆಯಲ್ಲಿ ಕಲಿತ ನಿಯಮದಂತೆ ವಾಕ್ಯಕ್ಕೊಂದು ಕರ್ತೃಪದ ಬೇಕಲ್ಲ ಎಂದು ‘ಇಟ್’ ಸೇರಿಸಿರುತ್ತಾರೆ. ಅದನ್ನು ತೆಗೆಯುವುದು ನನ್ನ ಕೆಲಸ. ಇಲ್ಲಿ ‘ಆ್ಯಸ್’ ತಾನೇ ಇಡೀ ಮುಖ್ಯವಾಕ್ಯದ ಪರವಾಗಿ ನಿಂತಿರುತ್ತದೆ, ಅದರ ಪಕ್ಕ ‘ಇಟ್’ ಬಂದರೆ ಒಂದೇ ಜಾಗಕ್ಕೆ ಇಬ್ಬರಾಗುತ್ತಾರೆ. ಸಾಲದ್ದಕ್ಕೆ, ಓದುವವರು ‘ತೋರಿಸಿರುವುದರಿಂದ’ ಎಂಬ ಕಾರಣದ ಅರ್ಥ ಹಿಡಿದುಬಿಡಬಹುದು. ‘ಇಟ್ ಈಸ್’ ಎಂಬ ಎರಡು ಪದ ಅಳಿಸಿದ ಕೂಡಲೇ ವಾಕ್ಯಕ್ಕೆ ಒಂದು ಬಿಗಿ ಬರುತ್ತದೆ, ಬರೆದವರು ಪಳಗಿದ ಕೈ ಎನಿಸುತ್ತದೆ.

ಇನ್ನೊಂದು ಸಂಗತಿಯೂ ಇದೆ. ರ್‍ಯಾಂಡಾಲ್ಫ್ ಕ್ವರ್ಕ್ ಮತ್ತು ಮೂವರು ಸಂಗಡಿಗರು 1985ರಲ್ಲಿ ಹೊರತಂದ ಇಂಗ್ಲಿಷಿನ ಬೃಹತ್ ವ್ಯಾಕರಣದ ಪ್ರಕಾರ, ಇಂಗ್ಲಿಷಿನ ಕರ್ಮಣಿ ವಾಕ್ಯಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕರಲ್ಲಿ ಮಾಡಿದವರು ಯಾರೆಂಬ ಮಾತೇ ಇರುವುದಿಲ್ಲ. ‘ಬೈ’ ಎಂದು ಹೇಳಿ ಹೆಸರು ಕೊಡುವುದು ಕಡಿಮೆ, ಬಿಡುವುದೇ ಹೆಚ್ಚು. ‘ಆ್ಯಸ್ ರಿಪೋರ್ಟೆಡ್’ ಎಂದರೆ ಯಾರೋ ವರದಿ ಮಾಡಿದ್ದಾರೆ. ‘ಆ್ಯಸ್ ಎಕ್ಸ್‌ಪೆಕ್ಟೆಡ್’ ಎಂದರೆ ಯಾರೋ ನಿರೀಕ್ಷಿಸಿದ್ದರು. ಆ ಯಾರೋ ಎಂಬವರ ಜಾಗ ವಾಕ್ಯದಲ್ಲಿ ಖಾಲಿ ಇರುತ್ತದೆ, ಆದರೆ ಖಾಲಿ ಎಂದು ಓದುವವರಿಗೆ ಅನ್ನಿಸುವುದೇ ಇಲ್ಲ.

ನನ್ನನ್ನು ಸೆಳೆದದ್ದು ಅದೇ ಎಂದು ಈಗ ತಿಳಿಯುತ್ತದೆ. ಹೇಳಬೇಕಾದದ್ದನ್ನು ಹೇಳಿಯೂ ಹೇಳಿದವರಾಗಿ ಕಾಣಿಸಿಕೊಳ್ಳದೆ ಇರುವ ಸೌಕರ್ಯ. ನಾನು ಬೆಳೆದ ಮನೆಯಲ್ಲಿ ಮಕ್ಕಳ ಮಾತಿಗೆ ತೂಕ ಇರಲಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ, ಆ ಕಾಲದ ಮನೆಗಳು ಹಾಗೇ ಇದ್ದವು. ‘ನನಗೆ ಹೀಗನ್ನಿಸುತ್ತೆ’ ಎಂದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ‘ಮೇಷ್ಟ್ರು ಹೇಳಿದ್ದಾರೆ’ ಎಂದರೆ ಮಾತು ನಿಲ್ಲುತ್ತಿತ್ತು, ಅಪ್ಪನೂ ಪೇಪರಿನಿಂದ ತಲೆ ಎತ್ತುತ್ತಿದ್ದರು. ಹುಡುಗಿಯಾಗಿದ್ದಾಗಲೇ ನಾನು ಈ ಗುಟ್ಟನ್ನು ಕಲಿತೆ. ನನ್ನ ಮಾತಿಗೆ ದೊಡ್ಡವರ ಹೆಸರು ಅಂಟಿಸಿದರೆ ಅದು ಎಲ್ಲ ಕಡೆ ಸಲ್ಲುತ್ತದೆ. ಮುಂದೆ ಇಂಗ್ಲಿಷಿನಲ್ಲಿ ಈ ರಚನೆ ಎದುರಾದಾಗ ಅದು ಹೊಸದೆನಿಸಲಿಲ್ಲ. ಬಾಲ್ಯದಲ್ಲಿ ರೂಢಿಯಾದದ್ದಕ್ಕೆ ಒಂದು ಗೌರವದ ರೂಪ ಸಿಕ್ಕಿದಂತಾಯಿತು.

ಹಾಗೆಂದು ಆ ರಚನೆಯನ್ನು ಹೀನವಾಗಿ ಕಾಣುವುದು ಅನ್ಯಾಯ. ಅದರ ಹಿಂದೆ ದೊಡ್ಡ ಚರಿತ್ರೆಯಿದೆ. 1660ರಲ್ಲಿ ಹುಟ್ಟಿದ ಲಂಡನ್ನಿನ ರಾಯಲ್ ಸೊಸೈಟಿ ಆರಿಸಿಕೊಂಡ ಧ್ಯೇಯವಾಕ್ಯದ ಸಾರಾಂಶ, ಯಾರ ಮಾತನ್ನೂ ಹಾಗೇ ನಂಬಬಾರದು ಎಂಬುದು. ಸೊಸೈಟಿ ಹುಟ್ಟಿದ ವರ್ಷವೇ ರಾಬರ್ಟ್ ಬಾಯ್ಲ್ ತನ್ನ ಗಾಳಿ ಪಂಪಿನ ಪ್ರಯೋಗಗಳ ಪುಸ್ತಕ ಪ್ರಕಟಿಸಿದ. ಅದರಲ್ಲಿ ಆತ ‘ನಾನು’ ಎಂದೇ ಬರೆಯುತ್ತಾನೆ. ಪಂಪು ಸೋರಿದ್ದನ್ನೂ ಹೇಳುತ್ತಾನೆ. ಪ್ರಯೋಗವೊಂದನ್ನು ಕಣ್ಣಾರೆ ಕಂಡವರೆಂದು ವಾಲಿಸ್, ವಾರ್ಡ್, ರೆನ್ ಎಂಬ ಮೂವರು ವಿದ್ವಾಂಸರನ್ನು ಹೆಸರಿಟ್ಟು ಹೇಳುತ್ತಾನೆ. ಅಂದು ಸಾಕ್ಷಿಯೆಂದರೆ ಮೈಯಿರುವ, ಮುಖವಿರುವ ಮನುಷ್ಯರು. ಆಮೇಲೆ ವಿಜ್ಞಾನ ಬೆಳೆಯಿತು, ಮಾಡುವವರು ಹೆಚ್ಚಾದರು, ಪುಟಗಳು ಸಾಲದಾದವು. 1881ರಲ್ಲಿ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್, ತೋಟದ ಗೊಂಡೆಹುಳುವಿನ ಮೊಟ್ಟೆ ಹೇಗೆ ಬೆಳೆಯುತ್ತದೆಂದು ಬರೆದ ದೀರ್ಘ ಲೇಖನದಲ್ಲಿ ಹೆಸರು ಮತ್ತು ಇಸವಿಯನ್ನು ಆವರಣದೊಳಗೆ ಇಟ್ಟ. ಇಂದು ನಾವೆಲ್ಲ ಬಳಸುವ ಆವರಣದ ಉಲ್ಲೇಖಕ್ಕೆ ಆ ಲೇಖನವನ್ನೇ ಮೂಲವೆಂದು ಹೇಳುವುದು ವಾಡಿಕೆ. ಮನುಷ್ಯರು ವಾಕ್ಯದಿಂದ ಆವರಣದೊಳಕ್ಕೆ ಸರಿದರು. ಕೆಲವು ಪದ್ಧತಿಗಳಲ್ಲಿ ಹೆಸರೂ ಹೋಗಿ ಒಂದು ಅಂಕಿ ಮಾತ್ರ ಉಳಿಯಿತು.

ಇದರಲ್ಲಿ ನಷ್ಟವಷ್ಟೇ ಇಲ್ಲ, ನಮ್ರತೆಯೂ ಇದೆ. ‘ಆ್ಯಸ್ ಡಿಸ್ಕ್ರೈಬ್ಡ್ ಪ್ರೀವಿಯಸ್ಲಿ’ ಎಂದು ಬರೆಯುವವರು, ಈ ವಿಧಾನ ನನ್ನದಲ್ಲ, ಇನ್ನೊಬ್ಬರು ಕಷ್ಟಪಟ್ಟು ಕಂಡುಕೊಂಡದ್ದು ಎಂದು ಒಪ್ಪಿಕೊಳ್ಳುತ್ತಿರುತ್ತಾರೆ. ಋಣ ಸ್ಮರಣೆಯನ್ನು ಮೂರು ಪದಗಳಲ್ಲಿ ಮುಗಿಸಿ, ಓದುವವರ ಹೊತ್ತು ಕೆಡಿಸದೆ ಮುಂದೆ ಹೋಗುವುದು ಸಣ್ಣ ಸೌಜನ್ಯವೇನಲ್ಲ. ಪ್ರತಿ ಸಲವೂ ಸಾಕ್ಷಿಗಳನ್ನು ಹೆಸರು ಹಿಡಿದು ಕರೆಯುತ್ತ ಕೂತರೆ ಇಂದಿನ ವೈದ್ಯಕೀಯ ಲೇಖನವೊಂದು ಮುಗಿಯುವುದೇ ಇಲ್ಲ. ಚಿತ್ರ ಎರಡನ್ನು ಚಿತ್ರ ಎರಡು ಎಂದರೆ ಸಾಕು, ಅದನ್ನು ಬಿಡಿಸಿದವರು ಯಾರೆಂದು ಯಾರಿಗೂ ಬೇಕಿಲ್ಲ. ಈ ಗಿಡ್ಡ ರೂಪವನ್ನು ನಾನು ಎತ್ತಿ ಹಿಡಿಯುತ್ತಿದ್ದದ್ದು ಇಂಥ ಕಾರಣಗಳಿಗಾಗಿಯೇ. ಇವತ್ತಿಗೂ ಆ ಕಾರಣಗಳು ಸುಳ್ಳಾಗಿಲ್ಲ.

ನನ್ನ ನೆಮ್ಮದಿ ಕದಡಿದ್ದು ಒಂದು ಅಲ್ಪವಿರಾಮ. ಔಷಧವೊಂದರ ಮೇಲಿನ ಲೇಖನದಲ್ಲಿ ಒಂದು ವಾಕ್ಯ ಹೀಗಿತ್ತು: ‘ದಿ ಡ್ರಗ್ ಡಿಡ್ ನಾಟ್ ವರ್ಕ್, ಆ್ಯಸ್ ರಿಪೋರ್ಟೆಡ್.’ ಅಲ್ಪವಿರಾಮ ಇದ್ದರೆ ಅರ್ಥ ಹೀಗೆ: ಔಷಧ ಕೆಲಸ ಮಾಡಲಿಲ್ಲ, ಹಿಂದಿನವರೂ ಕೆಲಸ ಮಾಡುವುದಿಲ್ಲ ಎಂದೇ ಬರೆದಿದ್ದರು. ಅಲ್ಪವಿರಾಮ ತೆಗೆದರೆ ಅರ್ಥ ತಿರುವುಮುರುವು: ಕೆಲಸ ಮಾಡುತ್ತದೆ ಎಂದು ಹಿಂದಿನವರು ಬರೆದಿದ್ದರು, ಆದರೆ ಅವರು ಹೇಳಿದ ಹಾಗೆ ಅದು ಕೆಲಸ ಮಾಡಲಿಲ್ಲ. ಕನ್ನಡದಲ್ಲಿ ‘ವರದಿಯಾದಂತೆ ಔಷಧ ಕೆಲಸ ಮಾಡಲಿಲ್ಲ’ ಎಂದರೂ ಇದೇ ಗೊಂದಲ. ನಾನು ಅಂಚಿನಲ್ಲಿ ಆಥರ್ ಕ್ವೆರಿ ಹಾಕಿದೆ: ಹಿಂದಿನವರು ಯಾವುದನ್ನು ವರದಿ ಮಾಡಿದ್ದರು, ಕೆಲಸ ಮಾಡುವುದನ್ನೋ ಮಾಡದಿರುವುದನ್ನೋ? ಲೇಖಕರಿಂದ ಉತ್ತರ ಬಂತು. ಹಿಂದಿನ ಲೇಖನ ಔಷಧದ ಪರವಾಗಿತ್ತು. ಅಲ್ಪವಿರಾಮ ಹಾಗೇ ಉಳಿದಿದ್ದರೆ ಆ ಹಿಂದಿನವರು ತಾವು ಎಂದೂ ಹೇಳದ ಮಾತಿಗೆ, ತಮ್ಮ ಮಾತಿಗೆ ನೇರ ವಿರುದ್ಧವಾದ ಮಾತಿಗೆ ಸಾಕ್ಷಿಯಾಗಿ ನಿಲ್ಲಬೇಕಾಗುತ್ತಿತ್ತು.

ಅಂದಿನಿಂದ ನಾನು ‘ಆ್ಯಸ್’ ಭಾಗವನ್ನು ಬಿಟ್ಟು ಅದರ ಪಕ್ಕದ ಮುಖ್ಯವಾಕ್ಯವನ್ನೇ ನೋಡಲು ಶುರುಮಾಡಿದೆ. ಅಲ್ಲಿ ನನಗೆ ಬೇಡವಾದದ್ದೊಂದು ಕಂಡಿತು. ‘ಇಂಥವರ ಪ್ರಕಾರ ಕೆರೆ ಬತ್ತುತ್ತಿದೆ’ ಎಂದು ಬರೆದರೆ, ಕೆರೆ ಬತ್ತುತ್ತಿದೆ ಎನ್ನುವುದು ಅವರ ಮಾತು. ನಾನು ಅದನ್ನು ಒಪ್ಪಲೂಬಹುದು, ಮುಂದಿನ ಸಾಲಿನಲ್ಲೇ ಅಲ್ಲಗಳೆಯಲೂಬಹುದು. ಆದರೆ ಇಂಗ್ಲಿಷಿನಲ್ಲಿ ‘ಆ್ಯಸ್ ನೋಟೆಡ್ ಬೈ’ ಇಂಥವರು, ಕೆರೆ ಬತ್ತುತ್ತಿದೆ ಎಂದು ಬರೆದರೆ, ಕೆರೆ ಬತ್ತುತ್ತಿದೆ ಎಂದು ಸಾರುತ್ತಿರುವುದು ನಾನೇ. ಇಂಥವರು ಅದನ್ನು ಗಮನಿಸಿದ್ದಾರೆ ಎಂಬುದು ಪಕ್ಕದ ಮಾತು. ಆ ಭಾಗವನ್ನು ಕಿತ್ತುಹಾಕಿದರೂ ಕೆರೆ ಬತ್ತುತ್ತಿದೆ ಎಂಬ ವಾಕ್ಯ ಅಲ್ಲಾಡದೆ ನಿಂತಿರುತ್ತದೆ, ನನ್ನ ತಲೆಯ ಮೇಲೆಯೇ ನಿಂತಿರುತ್ತದೆ. ಮುಂದಿನ ಸಾಲಿನಲ್ಲಿ ನಾನು ಅದನ್ನು ಅಲ್ಲಗಳೆದರೆ ಓದುವವರು ನನ್ನನ್ನೇ ಹಿಡಿದು ಕೇಳುತ್ತಾರೆ.

ಜಮೀನಿನ ಕ್ರಯಪತ್ರ ಓದಿದವರಿಗೆ ಇದು ಬೇಗ ತಿಳಿಯುತ್ತದೆ. ಕೊನೆಯ ಪುಟದಲ್ಲಿ ಸಾಕ್ಷಿಗಳ ಸಹಿ ಇರುತ್ತದೆ. ಊರಿನ ದೊಡ್ಡ ಮನುಷ್ಯರೇ ಸಾಕ್ಷಿ ಹಾಕಿರಬಹುದು. ಆದರೆ ನಾಳೆ ತಕರಾರು ಬಂದರೆ ಜಮೀನಿಗೆ ಉತ್ತರ ಹೇಳಬೇಕಾದವರು ಬರೆದುಕೊಟ್ಟವರು. ಸಾಕ್ಷಿಯ ಸಹಿ ಎಷ್ಟೇ ದೊಡ್ಡದಿರಲಿ, ಅದು ಬರೆದುಕೊಟ್ಟವರ ಸಹಿಯಾಗುವುದಿಲ್ಲ. ‘ಆ್ಯಸ್ ಶೋನ್ ಬೈ’ ಎಂಬಲ್ಲಿ ಬರುವ ಹೆಸರು ಸಾಕ್ಷಿಯ ಹೆಸರು. ಅಷ್ಟು ವರ್ಷ ನಾನು ಅದನ್ನು ಅಡಗಿಕೊಳ್ಳುವ ಜಾಗವೆಂದು ತಿಳಿದಿದ್ದೆ. ನಿಜವಾಗಿ ನೋಡಿದರೆ ಪ್ರತಿ ಸಲವೂ ನಾನು ಅಲ್ಲಿ ಸಹಿ ಹಾಕುತ್ತಿದ್ದೆ.

ಈ ತಿಳಿವಳಿಕೆ ಬಂದ ಮೇಲೆ, ಈ ರಚನೆಯೂ ಇದರ ದಾಯಾದಿಗಳೂ ಸೇರಿ ಲೋಕದಲ್ಲಿ ಎಂಥ ಕೆಲಸ ಮಾಡಿವೆ ಎಂದು ಹುಡುಕಿದೆ. ಒಂದು ಉದಾಹರಣೆ ನನ್ನ ಮನಸ್ಸಿನಿಂದ ಹೋಗಿಲ್ಲ. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಜೇನ್ ಪೋರ್ಟರ್, ಹರ್ಷೆಲ್ ಜಿಕ್ ಎಂಬಿಬ್ಬರ ಪತ್ರವೊಂದು ಅಚ್ಚಾಯಿತು. ಐದು ವಾಕ್ಯಗಳ ಪತ್ರ. ಆಸ್ಪತ್ರೆಯಲ್ಲಿದ್ದ 39,946 ರೋಗಿಗಳ ದಾಖಲೆಗಳಲ್ಲಿ, ಅಫೀಮಿನ ಜಾತಿಯ ನೋವುನಿವಾರಕವನ್ನು ಒಮ್ಮೆಯಾದರೂ ಪಡೆದವರು 11,882 ಮಂದಿ. ಮೊದಲು ಚಟದ ಇತಿಹಾಸ ಇಲ್ಲದವರಲ್ಲಿ ಚಟ ಹತ್ತಿದ್ದು ಸರಿಯಾಗಿ ದಾಖಲಾದ ಪ್ರಕರಣ ನಾಲ್ಕೇ. ಪತ್ರ ಹೇಳಿದ್ದು ಇಷ್ಟು. ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರು ಕೊಟ್ಟ ಔಷಧದ ಮಾತು ಅದು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಅನಂತರದ ವರ್ಷಗಳಲ್ಲಿ ಆ ಪತ್ರವನ್ನು ಆಧಾರವಾಗಿ ಕೊಡುತ್ತ ಹೋದರು. 1996ರಲ್ಲಿ ಅದೇ ಜಾತಿಯ ಆಕ್ಸಿಕಾಂಟಿನ್ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಅದು ಇನ್ನಷ್ಟು ಹೆಚ್ಚಿತು. 2017ರಲ್ಲಿ ಕೆನಡಾದ ಸಂಶೋಧಕರು ಎಣಿಸಿ ನೋಡಿದಾಗ ಆ ಪತ್ರವನ್ನು 608 ಲೇಖನಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 439 ಲೇಖನಗಳು, ಅಂದರೆ ನೂರಕ್ಕೆ 72ರಷ್ಟು, ಈ ಔಷಧಗಳಿಂದ ಚಟ ಹತ್ತುವುದು ಅಪರೂಪ ಎನ್ನಲು ಅದನ್ನೇ ಪುರಾವೆ ಮಾಡಿಕೊಂಡಿದ್ದವು. 491 ಲೇಖನಗಳು ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬುದನ್ನು ಹೇಳಿಯೇ ಇರಲಿಲ್ಲ. ಈಗ ಆ ಪತ್ರದ ಪುಟದಲ್ಲಿ ಪತ್ರಿಕೆಯ ಸಂಪಾದಕರೇ ಒಂದು ಎಚ್ಚರಿಕೆಯ ಟಿಪ್ಪಣಿ ಸೇರಿಸಿದ್ದಾರೆ. ಅಷ್ಟರಲ್ಲಿ ಉತ್ತರ ಅಮೆರಿಕದಲ್ಲಿ ಮಾತ್ರೆಗಳ ಚಟ ಮನೆಮನೆಗಳನ್ನು ಹೊಕ್ಕಿತ್ತು.

ನಾನು ತಿದ್ದುವ ಕುರ್ಚಿಯಲ್ಲಿ ಕೂತು ಈ 608 ಲೇಖನಗಳನ್ನು ಕಲ್ಪಿಸಿಕೊಳ್ಳುತ್ತೇನೆ. ಒಂದೊಂದರಲ್ಲೂ ಅಚ್ಚುಕಟ್ಟಾದ ಒಂದು ವಾಕ್ಯ, ವಾಕ್ಯದ ಕೊನೆಗೆ ಒಂದು ಅಂಕಿ. ನನ್ನಂಥವರು ಅದನ್ನು ಓದಿ, ಅಂಕಿ ಸರಿಯಾದ ಜಾಗದಲ್ಲಿದೆಯೇ, ಇಸವಿ ಹೊಂದುತ್ತದೆಯೇ ಎಂದು ನೋಡಿ ದಾಟಿಸಿರುತ್ತಾರೆ. ವ್ಯಾಕರಣದಲ್ಲಿ ಕೊರತೆಯೇ ಇರಲಿಲ್ಲ. ಬರೆದ ಎಷ್ಟೋ ಮಂದಿ ಆ ಪತ್ರವನ್ನು ಓದದೆಯೇ ಹಿಂದಿನ ಲೇಖನದಿಂದ ಎತ್ತಿಕೊಂಡಿರಬೇಕು. ಐದು ವಾಕ್ಯ ಓದಿದ್ದರೆ ಆಸ್ಪತ್ರೆ ಎಂಬ ಮಾತು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಪಾಲಕ್ ಸೊಪ್ಪಿನ ಕಬ್ಬಿಣದ ಕಥೆಯೂ ಹೀಗೆಯೇ ಹರಡಿದ್ದು. ದಶಮಾಂಶದ ಚುಕ್ಕಿ ತಪ್ಪಿದ್ದರಿಂದ ಪಾಲಕ್‌ನಲ್ಲಿ ಹತ್ತು ಪಟ್ಟು ಕಬ್ಬಿಣವಿದೆ ಎಂಬ ನಂಬಿಕೆ ಬಂತು ಎಂದು ಬಹಳ ಜನ ಬರೆದರು. ಆ ಚುಕ್ಕಿಯ ಕಥೆಗೇ ಆಧಾರವಿಲ್ಲ, ಅದೂ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡು ಬಂದದ್ದು ಎಂದು ನಾರ್ವೆಯ ಓಲೆ ಬ್ಯೋರ್ನ್ ರೆಕ್ಡಾಲ್ 2014ರಲ್ಲಿ ತೋರಿಸಿದ. ಪರಂಪರೆಯಾಗಿ ಬಂದ ಮಾತನ್ನು ತಿದ್ದಲು ಹೊರಟವರೂ ಪರಂಪರೆಯಾಗಿ ಬಂದ ಇನ್ನೊಂದು ಮಾತನ್ನೇ ಹಿಡಿದಿದ್ದರು.

ಬೇರೆಯವರ ಲೇಖನಗಳ ಬಗ್ಗೆ ಇಷ್ಟು ಹೇಳುವುದು ಸುಲಭ. ಆದರೆ ಈ ವಿಚಾರ ನನ್ನನ್ನು ಕಾಡಿದ್ದು ಜರ್ನಲ್ಲಿಗಾಗಿ ಅಲ್ಲ, ಅಪ್ಪನ ಕೊನೆಯ ದಿನಗಳಿಗಾಗಿ.

ಅಪ್ಪನ ಹೃದಯದ ಕವಾಟ ಕಿರಿದಾಗಿತ್ತು. ವಯಸ್ಸು ಎಂಬತ್ತು ದಾಟಿತ್ತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ಎರಡೂ ದಾರಿಗಳನ್ನು ತಾಳ್ಮೆಯಿಂದ ಬಿಡಿಸಿ ಹೇಳಿದರು. ಆಪರೇಷನ್ ಮಾಡಿಸಬಹುದು, ಈ ಪ್ರಾಯದಲ್ಲಿ ಅದರ ಅಪಾಯ ಇದು. ಮಾತ್ರೆಯಲ್ಲೇ ನಡೆಸಬಹುದು, ಆಗ ಆಗುವುದು ಹೀಗೆ. ‘ಯಾವುದನ್ನು ಆರಿಸಿಕೊಂಡರೂ ತಪ್ಪಿಲ್ಲ, ಮನೆಯವರೆಲ್ಲ ಕೂತು ಯೋಚನೆ ಮಾಡಿ’ ಎಂದರು. ನಾನು ವಾರ್ಡಿಗೆ ಬಂದೆ. ಅಪ್ಪ ಕಿಟಕಿಯ ಕಡೆ ತಿರುಗಿ ಮಲಗಿದ್ದವರು ‘ಮನೆಗೆ ಹೋಗೋಣ’ ಎಂದರು. ಅಲ್ಲೇ ನನ್ನೊಳಗೆ ತೀರ್ಮಾನವಾಯಿತು. ಹೊರಗಿನ ಬೆಂಚಿನ ಮೇಲೆ ಕೂತು ಶಿವಮೊಗ್ಗದಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದೆ. ನನ್ನ ಬಾಯಿಂದ ಬಂದ ವಾಕ್ಯ ಇದು: ‘ಡಾಕ್ಟ್ರು ಹೇಳಿದ ಹಾಗೆ ಆಪರೇಷನ್ ಬೇಡಣ್ಣ.’ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅವರೇ ಹಾಗಂದ ಮೇಲೆ ಇನ್ನೇನಿದೆ’ ಎಂದ. ಪುಣೆಯಲ್ಲಿದ್ದ ತಂಗಿಗೂ ಅದನ್ನೇ ಹೇಳಿದೆ. ಅವಳೂ ಮರುಮಾತಾಡಲಿಲ್ಲ.

ಆ ವಾಕ್ಯವನ್ನು ನಾನು ನಂತರ ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಅದರಲ್ಲಿ ಪೂರ್ತಿ ಸುಳ್ಳು ಅನ್ನುವಂಥದ್ದಿಲ್ಲ. ಡಾಕ್ಟರು ಆಪರೇಷನ್ನಿನ ಅಪಾಯವನ್ನು ಹೇಳಿದ್ದು ನಿಜ. ಮುಖ್ಯವಾಕ್ಯ ‘ಆಪರೇಷನ್ ಬೇಡ’ ಎಂಬುದು, ಅದು ನನ್ನದು. ಸಾಕ್ಷಿಯ ಹೆಸರನ್ನು ಮುಂದಿಟ್ಟಿದ್ದರಿಂದ ಅಣ್ಣನ ಕಿವಿಗೆ ಸಾಕ್ಷಿಯೇ ಬರೆದುಕೊಟ್ಟಂತೆ ಕೇಳಿಸಿತು. ತೀರ್ಮಾನ ಸರಿ ಎಂದೇ ಇಂದಿಗೂ ನಂಬುತ್ತೇನೆ. ಅಪ್ಪ ತಮ್ಮ ಮಂಚದ ಮೇಲೆ, ತಮ್ಮ ಮನೆಯ ಸದ್ದುಗಳ ನಡುವೆ ಹೋದರು. ಆದರೆ ಆ ತೀರ್ಮಾನದ ಭಾರವನ್ನು ಹೊರಲು ನನಗೆ ಹೆದರಿಕೆಯಿತ್ತು. ‘ನನಗೆ ಹೀಗನ್ನಿಸುತ್ತೆ’ ಎಂದರೆ ಯಾರೂ ಕೇಳಲಾರರು ಎಂಬ ಹಳೆಯ ಹೆದರಿಕೆ ಒಂದು, ಕೇಳಿಬಿಟ್ಟರೆ ಮುಂದೆ ನಾನೇ ಉತ್ತರ ಕೊಡಬೇಕಲ್ಲ ಎಂಬ ಹೊಸ ಹೆದರಿಕೆ ಇನ್ನೊಂದು.

ಅಪ್ಪನ ತಿಥಿಗೆ ಅಣ್ಣನ ಮನೆಯಲ್ಲಿ ಸೇರಿದ್ದಾಗ ಇಬ್ಬರಿಗೂ ಇದನ್ನು ಹೇಳಿದೆ. ಡಾಕ್ಟರು ಎರಡೂ ದಾರಿ ಹೇಳಿದ್ದರು, ಬೇಡ ಎಂದು ನಿರ್ಧಾರ ಮಾಡಿದವಳು ನಾನು ಎಂದೆ. ತಂಗಿ ನನ್ನ ಕೈ ಹಿಡಿದುಕೊಂಡಳು. ಅಣ್ಣ ಸಿಟ್ಟಾಗಲಿಲ್ಲ. ‘ನೀನು ಹೇಳಿದ್ರೂ ನಾನು ಒಪ್ತಿದ್ದೆ ಕಣಮ್ಮ. ಆದ್ರೆ ಡಾಕ್ಟ್ರು ಹೇಳಿದ್ದು ಅಂದ್ಯಲ್ಲ, ಅದಕ್ಕೇ ನಾನು ಏನೂ ಕೇಳಲಿಲ್ಲ. ನೀನು ಹೇಳ್ತಿರೋದು ಅಂತ ಗೊತ್ತಿದ್ರೆ ಕೇಳ್ತಿದ್ದೆ. ಅಪ್ಪನ ಹತ್ರ ಒಂದು ಸಲ ಮಾತಾಡಿಸು ಅಂತಿದ್ದೆ’ ಎಂದ.

ಆಧಾರ ಕೊಡುವುದರ ಬಗ್ಗೆ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ದೊಡ್ಡವರ ಹೆಸರನ್ನು ಮುಂದಿಟ್ಟಾಗ ಕೇಳುವವರು ಬಾಯಿ ಮುಚ್ಚುತ್ತಾರೆ. ಆಧಾರ ಇರಬೇಕಾದದ್ದು ಅದಕ್ಕೆ ತದ್ವಿರುದ್ಧವಾದ ಉದ್ದೇಶಕ್ಕೆ. ‘ಇಗೋ ಇಲ್ಲಿದೆ, ನೀವೂ ಹೋಗಿ ನೋಡಿ, ನನ್ನನ್ನು ಪ್ರಶ್ನಿಸಿ’ ಎಂದು ಬಾಗಿಲು ತೆರೆಯುವುದಕ್ಕೆ. ಬಾಯ್ಲ್ ಮೂವರ ಹೆಸರು ಹೇಳಿದ್ದು ಹೋಗಿ ವಿಚಾರಿಸಿಕೊಳ್ಳಲಿ ಎಂಬಂತೆ. ಪೋರ್ಟರ್ ಮತ್ತು ಜಿಕ್ ಅವರ ಹೆಸರು ಬಳಕೆಯಾದದ್ದು ಯಾರೂ ವಿಚಾರಿಸದಿರಲಿ ಎಂಬಂತೆ. ಎರಡರ ವ್ಯಾಕರಣವೂ ಸರಿಯಾಗಿಯೇ ಇದ್ದೀತು. ವ್ಯತ್ಯಾಸ ಇರುವುದು ಬರೆಯುವವರ ಮನಸ್ಸಿನಲ್ಲಿ, ಅದರ ಫಲ ತಟ್ಟುವುದು ಎಲ್ಲೋ ದೂರದಲ್ಲಿ ಮಾತ್ರೆ ನುಂಗುವವರಿಗೆ.

ಇಂಗ್ಲಿಷನ್ನು ಮಾತ್ರ ದೂರಿದರೆ ಕನ್ನಡದವಳಾಗಿ ನನಗೆ ನ್ಯಾಯವಲ್ಲ. ನಮ್ಮ ಆಡುಮಾತಿನಲ್ಲಿ ‘ಬಂದನಂತೆ’, ‘ಹೋದಳಂತೆ’ ಎಂದು ಹೇಳುವಾಗ, ಇದು ಕೇಳಿದ್ದು, ಕಂಡದ್ದಲ್ಲ ಎಂಬುದನ್ನು ಕ್ರಿಯಾಪದಕ್ಕೇ ಅಂಟಿಸಿ ಹೇಳಿಬಿಡುತ್ತೇವೆ. ಅಷ್ಟು ಪ್ರಾಮಾಣಿಕವಾದ ಸೌಕರ್ಯ ಭಾಷೆಯಲ್ಲೇ ಇರುವಾಗಲೂ ನಾವು ಬರೆಯಲು ಕೂತರೆ ಅದನ್ನು ಹೊರಗಿಡುತ್ತೇವೆ. ಪತ್ರಿಕೆಗಳಲ್ಲಿ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’. ಅಂದವರಾರು, ತಿಳಿದದ್ದು ಯಾರಿಗೆ ಎಂದರೆ ಉತ್ತರವಿಲ್ಲ. ಬೇರೆ ಮಾದರಿಯೂ ನಮ್ಮಲ್ಲೇ ಇದೆ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಎಂಬ ಕನ್ನಡ ವ್ಯಾಕರಣ ಬರೆದ ಕೇಶಿರಾಜ ತನ್ನ ಲಕ್ಷ್ಯಗಳು, ಅಂದರೆ ಉದಾಹರಣೆಗಳು, ಯಾರ ಕಾವ್ಯದವು ಎಂದು ಗ್ರಂಥದ ಆರಂಭದಲ್ಲೇ ಹೆಸರು ಹಿಡಿದು ಹೇಳಿದ್ದಾನೆ: ಗಜಗ, ಗುಣನಂದಿ, ಮನಸಿಜ, ಅಸಗ, ಶ್ರೀವಿಜಯ ಮುಂತಾದವರು. ಅವರಲ್ಲಿ ಕೆಲವರ ಕೃತಿಗಳು ನಮಗೆ ಸಿಕ್ಕಿಲ್ಲ, ಹೆಸರುಗಳು ಉಳಿದಿವೆ. ಅಷ್ಟು ಮಂದಿಯ ಹೆಸರು ಹೇಳಿಯೂ ಸೂತ್ರಗಳ ಹೊಣೆಯನ್ನು ಕೇಶಿರಾಜ ಅವರ ಮೇಲೆ ಹೊರಿಸಲಿಲ್ಲ, ತಾನೇ ಹೊತ್ತ. ಇದು ನನಗೆ ಆದರ್ಶವಾಗಿ ಕಾಣುತ್ತದೆ.

ಹಾಗಾದರೆ ಎಲ್ಲವನ್ನೂ ಕಣ್ಣಾರೆ ಕಂಡೇ ಬರೆಯಬೇಕೆ? ಅದು ಆಗದ ಮಾತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ನಾನು ನಂಬಿರುವುದು ಇನ್ನೊಬ್ಬರ ಮಾತಿನ ಮೇಲೆ. ನನ್ನ ರಕ್ತದ ಗುಂಪು ಯಾವುದೆಂದು ತಿಳಿದಿರುವುದೂ ಇನ್ನೊಬ್ಬರ ಮಾತಿನ ಮೇಲೆಯೇ. ನನ್ನ ತಿಳಿವಳಿಕೆಯಲ್ಲಿ ನಾನೇ ಸಂಪಾದಿಸಿದ್ದು ಬಹಳ ಸ್ವಲ್ಪ, ಉಳಿದದ್ದೆಲ್ಲ ಕಡ. ನಂಬಿಕೆ ಇಲ್ಲದೆ ವಿಜ್ಞಾನವೂ ನಡೆಯುವುದಿಲ್ಲ, ಸಂಸಾರವೂ ನಡೆಯುವುದಿಲ್ಲ. ನಾನು ಬೇಡವೆನ್ನುವುದು ನಂಬುವುದನ್ನಲ್ಲ. ನಂಬಿದ್ದು ಯಾರನ್ನು, ಎಷ್ಟರ ಮಟ್ಟಿಗೆ, ಅವರು ಹೇಳಿದ್ದು ಎಲ್ಲಿಗೆ ಮುಗಿದು ನಾನು ಸೇರಿಸಿದ್ದು ಎಲ್ಲಿಂದ ಶುರುವಾಯಿತು ಎಂಬ ಲೆಕ್ಕ ಇಡದೆ ಇರುವುದನ್ನು ಬೇಡವೆನ್ನುತ್ತೇನೆ.

ಈಗ ಲೇಖನ ತಿದ್ದುವಾಗ ‘ಆ್ಯಸ್’ ಬಂದಲ್ಲೆಲ್ಲ ಕೊಂಚ ನಿಲ್ಲುತ್ತೇನೆ. ಖಾಲಿ ಇರುವ ಜಾಗದಲ್ಲಿ ಕೂರಬೇಕಾದವರು ಯಾರು? ಅವರು ಹೇಳಿದ್ದು ಈ ಮುಖ್ಯವಾಕ್ಯದಷ್ಟನ್ನೋ, ಅದಕ್ಕಿಂತ ಕಡಿಮೆಯನ್ನೋ? ಬರೆದವರು ಮೂಲವನ್ನು ಓದಿದ್ದಾರೋ, ಓದಿದವರನ್ನು ಓದಿದ್ದಾರೋ? ಮೂಲ ಕೈಗೆ ಸಿಗದೆ ಇನ್ನೊಬ್ಬರ ಮೂಲಕ ತಿಳಿದದ್ದಾದರೆ ಹಾಗೆಂದು ಹೇಳಲು ‘ಆ್ಯಸ್ ಸೈಟೆಡ್ ಇನ್’ ಎಂಬ ರೂಪ ಇಂಗ್ಲಿಷಿನಲ್ಲೇ ಇದೆ. ಅದನ್ನು ಬಳಸಲು ಸಂಶೋಧಕರು ಸಂಕೋಚಪಡುತ್ತಾರೆ. ಓದಿಲ್ಲವೆಂದು ತೋರಿಸಿಕೊಂಡಂತಾಗುತ್ತದೆ ಎಂಬ ಭಯ. ನನ್ನ ದೃಷ್ಟಿಯಲ್ಲಿ ಅದು ಇಡೀ ಲೇಖನದ ಅತ್ಯಂತ ಮರ್ಯಾದೆಯ ಪದಗುಚ್ಛ. ‘ಆ್ಯಸ್ ಡಿಸ್ಕ್ರೈಬ್ಡ್ ಪ್ರೀವಿಯಸ್ಲಿ’ ಎಂದಿದ್ದರೆ ಆ ಹಿಂದಿನ ಲೇಖನವನ್ನು ತೆರೆದು ನೋಡುತ್ತೇನೆ. ಅಲ್ಲಿಯೂ ‘ಹಿಂದೆ ವಿವರಿಸಿದಂತೆ’ ಎಂದೇ ಇದ್ದರೆ, ವಿಧಾನವನ್ನು ಇಲ್ಲೇ ಎರಡು ಸಾಲಿನಲ್ಲಿ ಬರೆಯಿರಿ ಎಂದು ಕ್ವೆರಿ ಹಾಕುತ್ತೇನೆ. ಪ್ರೊಡಕ್ಷನ್ನಿನವರು ತಡವಾಯಿತೆನ್ನುತ್ತಾರೆ. ಅವರ ಕಷ್ಟವೂ ನನಗೆ ಗೊತ್ತು. ಆದರೂ ಕೇಳುತ್ತೇನೆ.

ಮನೆಯಲ್ಲಿ ಇದು ಇನ್ನೂ ಕಷ್ಟ. ಮಗಳ ಜೊತೆ ಮಾತಿಗೆ ಮಾತು ಬೆಳೆದಾಗ ಯಾವುದೋ ಪುಸ್ತಕದ, ಯಾರೋ ತಜ್ಞರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅದನ್ನು ತಡೆದು ‘ಇದು ನನ್ನ ಅಭಿಪ್ರಾಯ, ನೀನು ಒಪ್ಪದೆ ಇರಬಹುದು’ ಎಂದು ಹೇಳುವಾಗ ಮೈಮೇಲಿನ ಹೊದಿಕೆ ತೆಗೆದಂಥ ಚಳಿಯಾಗುತ್ತದೆ. ಅವಳು ಬಹಳ ಸಲ ಒಪ್ಪುವುದಿಲ್ಲ, ಯಾಕೆ ಎಂದು ಕೇಳುತ್ತಾಳೆ. ನಾನು ಕಾರಣ ಹುಡುಕಬೇಕಾಗುತ್ತದೆ. ಕೆಲವು ಸಲ ಕಾರಣ ಸಿಗುತ್ತದೆ, ಕೆಲವು ಸಲ ನನ್ನ ಅಭಿಪ್ರಾಯವೇ ಬದಲಾಗುತ್ತದೆ. ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಅಣ್ಣನಿಗೆ ನಾನು ಕೊಡದೆ ಹೋದ ಅವಕಾಶವನ್ನು ಇವಳಿಗೆ ಕೊಡುತ್ತಿದ್ದೇನೆ. ಇದು ರೂಢಿಯಾಗುವ ತನಕ, ಅಂಜಿಕೆಯಾದರೂ, ನನ್ನ ಮಾತನ್ನು ನನ್ನದೆಂದೇ ಹೇಳಬೇಕೆಂದಿದ್ದೇನೆ.